ಅತ್ತೆಯ ಕಣ್ಣಳತೆ

ಜನವರಿ ೧೧

ಮಾತಾಡಿದರೆ ಕೆಮ್ಮು ಬರುತ್ತದೆ, ಬರೆದರೆ ಬರುವುದಿಲ್ಲ. ಈ ದಿನಚರಿ ಶುರುವಾಗಲು ಇಷ್ಟೇ ಕಾರಣ, ಬೇರೆ ಯಾವ ಘನಂದಾರಿ ಉದ್ದೇಶವೂ ಇಲ್ಲ.

ಕೆಮ್ಮು ಥಿನ್ನರ್ ವಾಸನೆಯಿಂದ ಬಂದದ್ದು ಎಂದು ಇಷ್ಟು ದಿನ ಎಲ್ಲರ ಬಾಯಿ ಮುಚ್ಚಿಸಿದ್ದೆ. ಕಾರುಗಳಿಗೆ ಬಣ್ಣ ಹೊಡೆಯುವವನ ಎದೆಯಲ್ಲಿ ಥಿನ್ನರ್ ಇಲ್ಲದೆ ಪನ್ನೀರು ಇರುತ್ತದೆಯೇ ಎಂದು ಹೆಂಡತಿಗೆ ದಬಾಯಿಸಿದ್ದೂ ಉಂಟು. ಇವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಫದ ವರದಿ ನೋಡಿ, ಕ್ಷಯ ಎಂದರು. ಎದೆ ಧಸಕ್ಕೆಂದಿತು. ಅವರೇನೋ ಶೀತ ನೆಗಡಿಯ ಹಾಗೆ ಸಲೀಸಾಗಿ ಮಾತಾಡಿದರು. ಆರು ತಿಂಗಳು ಮಾತ್ರೆ ತಪ್ಪದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದಂತೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಾಲ್ಕು, ನಾಲ್ಕೂ ಒಟ್ಟಿಗೆ.

ಆಮೇಲೆ ಔಷಧ ಕೊಡುವ ಸಿಸ್ಟರ್ ಬಹಳ ಹೊತ್ತು ಏನೇನೋ ವಿವರಿಸಿದರು. ನನ್ನ ಗಮನ ಅಲ್ಲಿರಲಿಲ್ಲ. ಅವರ ಹಿಂದಿನ ಗೋಡೆಯಲ್ಲಿ ಯಾವನೋ ಪುಣ್ಯಾತ್ಮ ಬಿಳಿಯ ಮೇಲೆ ಬೇರೆ ಬಿಳಿಯ ತೇಪೆ ಹಾಕಿದ್ದ. ಒಂದರಲ್ಲಿ ನೀಲಿಯ ಛಾಯೆ, ಇನ್ನೊಂದರಲ್ಲಿ ಹಳದಿಯದು. ಕಣ್ಣಿದ್ದವನು ಮಾಡುವ ಕೆಲಸವೇ ಅದು? ಜೊತೆಗೆ ಬಂದಿದ್ದ ಅತ್ತೆ ಮಾತ್ರ ಸಿಸ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು.

ಅತ್ತೆ ಎಂದರೆ ಹೆಂಡತಿಯ ತಾಯಿ. ಮಾವ ಹೋದ ಮೇಲೆ ನಮ್ಮ ಜೊತೆಯೇ ಇದ್ದಾರೆ. ನನಗೂ ಅವರಿಗೂ ಜಗಳವಿಲ್ಲ. ಮಾತೇ ಕಡಿಮೆ, ಇನ್ನು ಜಗಳ ಎಲ್ಲಿಂದ ಬರಬೇಕು. ಹೆಂಡತಿಗೆ ಬಸ್ ಡಿಪೋದಲ್ಲಿ ಬೆಳಗಿನ ಪಾಳಿ, ಬೆಳಕು ಹರಿಯುವ ಮೊದಲೇ ಹೊರಡುತ್ತಾಳೆ. ಹಾಗಾಗಿ ಮಾತ್ರೆ ನುಂಗಿಸುವ ಅಧಿಕಾರ ಅತ್ತೆಯ ಕೈಗೆ ಹೋಯಿತು.

ಈಗ ನಾನು ಮುಂದಿನ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಕಿಟಕಿಗಳೆಲ್ಲ ತೆರೆದಿವೆ. ಗ್ಯಾರೇಜಿನ ಪಾಲುದಾರನಿಗೆ ಫೋನು ಮಾಡಿ, ಯಾರು ಕೇಳಿದರೂ ನನಗೆ ಬೆನ್ನು ಹಿಡಿದುಕೊಂಡಿದೆ ಎಂದು ಹೇಳು ಎಂದೆ. ಕಾರಿನ ತಗ್ಗು ಬಡಿದು ತೆಗೆಯುವುದು ಅವನ ಕೆಲಸ, ಹಾಗಾಗಿ ಊರಿಗೆಲ್ಲ ಅವನು ಸುತ್ತಿಗೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ದೇವರೇ ಕಾಪಾಡಬೇಕು.

ಜನವರಿ ೧೨

ಅತ್ತೆ ಮಾತ್ರೆ ಕೊಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ. ಹೋಗಲಿಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತರು. ನಾಲ್ಕನ್ನೂ ನುಂಗಿ ನೀರು ಕುಡಿದೆ. ಆಗಲೂ ಏಳಲಿಲ್ಲ. "ಬಾಯಿ ತೆಗೀರಿ ಅಳಿಯಂದ್ರೆ" ಎಂದರು. ಸ್ವಂತ ಗ್ಯಾರೇಜು ಇರುವ ಮನುಷ್ಯ ನಾನು! ತೆಗೆದೆ. ನಾಲಿಗೆ ಎತ್ತಿ ಎಂದರು. ಎತ್ತಿದೆ.

ಮಧ್ಯಾಹ್ನ ಬಚ್ಚಲಿನಲ್ಲಿ ಇನ್ನೊಂದು ಆಘಾತ. ಮೂತ್ರ ಕಿತ್ತಳೆ ಬಣ್ಣ. ಕಿರುಚಿಕೊಳ್ಳುವಷ್ಟರಲ್ಲಿ ಅತ್ತೆ ಹೊರಗಿನಿಂದಲೇ, ಹೆದರಬೇಡಿ, ಮಾತ್ರೆಯ ಬಣ್ಣ ಅದು, ಸಿಸ್ಟರ್ ಹೇಳಿದ್ದರಲ್ಲ ಎಂದರು. ಹೆದರಿಕೆ ಹೋದ ಮೇಲೆ ಸರಿಯಾಗಿ ನೋಡಿದೆ. ರಸ್ತೆ ಅಗೆಯುವ ಯಂತ್ರಗಳಿಗೆ ಹೊಡೆಯುವ ಕಿತ್ತಳೆಯೇ, ಆದರೆ ಹಳದಿ ಒಂದು ಹನಿ ಕಡಿಮೆ. ಸಂಜೆ ಹೆಂಡತಿಗೆ ಇದನ್ನು ವಿವರಿಸುತ್ತಿದ್ದರೆ ಅವಳು ಚಹಾದ ಲೋಟ ಕೆಳಗಿಟ್ಟು ಎದ್ದು ಹೋದಳು. ಕಲೆಗೆ ಬೆಲೆ ಇಲ್ಲದ ಮನೆ.

ಜನವರಿ ೨೦

ಹೊಟ್ಟೆ ತೊಳಸುತ್ತದೆ. ಒಂದು ದಿನ ಬಿಟ್ಟರೆ ಏನಾಗುತ್ತದೆ ಎಂದು ಅತ್ತೆಯನ್ನು ಕೇಳಿದೆ. ಅವರು ನೇರ ಆಸ್ಪತ್ರೆಗೆ ಫೋನು ಮಾಡಿದರು. ಬಿಡುವ ಹಾಗಿಲ್ಲ, ಒಂದು ಬಾಳೆಹಣ್ಣು ತಿಂದು ನುಂಗಲಿ ಎಂದು ಅಪ್ಪಣೆಯಾಯಿತು. ಬಾಳೆಹಣ್ಣೂ ಅವರ ಕೈಯಿಂದಲೇ ಬರುತ್ತದೆ. ಸುಲಿದು ಕೊಡುವುದೊಂದು ಬಾಕಿ.

ಫೆಬ್ರವರಿ ೯

ಗ್ಯಾರೇಜಿಗೆ ಹೋದೆ! ಇನ್ನು ಬೇರೆಯವರಿಗೆ ತಗಲುವ ಭಯವಿಲ್ಲ, ಆದರೆ ಬಣ್ಣದ ಹೊಗೆಯಲ್ಲಿ ಒಳ್ಳೆಯ ಮಾಸ್ಕ್ ಹಾಕಿ, ಬಾಗಿಲು ತೆರೆದಿಟ್ಟು ಕೆಲಸ ಮಾಡಿ ಎಂದು ಡಾಕ್ಟರಮ್ಮ ಹೇಳಿದರು. ಮನೆಯವರ ಪರೀಕ್ಷೆಯೂ ಆಯಿತು, ಯಾರಿಗೂ ಏನೂ ಇಲ್ಲ. ಹೆಂಡತಿ ಅತ್ತಳು. ನಾನು ಅಳಲಿಲ್ಲ, ಕಣ್ಣಿಗೆ ಧೂಳು ಬಿದ್ದಿತ್ತು.

ಸುತ್ತಿಗೆ ಗಿರಾಕಿಗಳ ಮುಂದೆಯೇ, ಬೆನ್ನು ಹೇಗಿದೆ ಅಣ್ಣ ಎಂದು ಕೂಗಿ ಕೇಳಿ ಕಣ್ಣು ಹೊಡೆದ. ಇಷ್ಟು ದಿನದಲ್ಲಿ ಒಂಬತ್ತು ಕಾರು ಬಡಿದು ಸಾಲಾಗಿ ನಿಲ್ಲಿಸಿದ್ದಾನೆ. ಯಾವುದಕ್ಕೂ ಬಣ್ಣವಿಲ್ಲ. ನಾನಿಲ್ಲದೆ ಹೇಗಾಗುತ್ತದೆ?

ಬಣ್ಣ ಎಂದರೆ ಡಬ್ಬಿ ತೆರೆದು ಹೊಡೆಯುವುದು ಎಂದು ಜನ ತಿಳಿದಿದ್ದಾರೆ. ಕಂಪನಿಯ ಪುಸ್ತಕದಲ್ಲಿ ಪ್ರತಿ ಕಾರಿನ ಬಣ್ಣಕ್ಕೂ ಅಳತೆ ಇರುತ್ತದೆ, ನಿಜ. ಆದರೆ ನಾಲ್ಕು ವರ್ಷ ಬಿಸಿಲಲ್ಲಿ ನಿಂತ ಕಾರು ಆ ಪುಸ್ತಕ ಓದಿರುವುದಿಲ್ಲ. ಒಂದೊಂದು ಒಂದೊಂದು ಥರ ಮಾಸಿರುತ್ತದೆ. ಬೆರೆಸಿದ್ದನ್ನು ಸಣ್ಣ ತಗಡಿನ ಮೇಲೆ ಹೊಡೆದು, ಒಣಗಿಸಿ, ಬಾಗಿಲ ಬೆಳಕಿಗೆ ಹಿಡಿದು ಕಾರಿನ ಪಕ್ಕ ಇಟ್ಟು ನೋಡಬೇಕು. ಕೆಂಪು ಉರಿಯುತ್ತಿದ್ದರೆ ಒಂದು ಹನಿ ಹಸಿರು ಹಾಕಿ ತಣಿಸಬೇಕು. ಹೊಸ ಬಣ್ಣ ಎಲ್ಲಿ ಶುರುವಾಯಿತು ಎಂದು ಕಾರಿನ ಯಜಮಾನನಿಗೇ ತಿಳಿಯಬಾರದು. ಈ ಊರಿನಲ್ಲಿ ಅಂಥ ಕಣ್ಣು ಇರುವುದು ಒಬ್ಬನಿಗೆ. ಜಂಬವಲ್ಲ, ಇದ್ದದ್ದು ಇದ್ದ ಹಾಗೆ.

ಮಾರ್ಚ್ ೧೫

ಕಫದಲ್ಲಿ ಕ್ರಿಮಿ ಕಾಣುತ್ತಿಲ್ಲ. ತೂಕ ಏರಿದೆ. ಪ್ಯಾಂಟು ಬಿಗಿಯಾಗಿದೆ. ಇಷ್ಟು ಗಟ್ಟಿಮುಟ್ಟಾಗಿರುವವನಿಗೆ ಇನ್ನೂ ನಾಲ್ಕು ತಿಂಗಳು ಮಾತ್ರೆ ಏಕೆ ಎಂದು ಅತ್ತೆಯ ಹತ್ತಿರ ವಾದ ಮಾಡಿದೆ. ಅವರು ಮಾತ್ರೆ ಹಿಡಿದ ಕೈ ಚಾಚಿಕೊಂಡೇ ಇದ್ದರು. ನನ್ನ ವಾದ ಮುಗಿಯಿತು, ಅವರ ಕೈ ಇಳಿಯಲಿಲ್ಲ. ನುಂಗಿದೆ.

ಏಪ್ರಿಲ್ ೩

ಗ್ಯಾರೇಜಿನ ಟ್ಯೂಬ್‌ಲೈಟು ಹಾಳಾಗಿದೆ. ಎಲ್ಲ ಬಣ್ಣವೂ ಸಪ್ಪೆಯಾಗಿ ಕಾಣುತ್ತದೆ. ಹೊಸದು ಹಾಕಿಸಿದೆ. ಅದೂ ಹಾಳೇ. ಈಗ ಯಾವ ಸಾಮಾನೂ ಮೊದಲಿನ ಹಾಗಿಲ್ಲ.

ಏಪ್ರಿಲ್ ೬

ಬಣ್ಣದ ಅಂಗಡಿಯವನ ಜೊತೆ ಕಾಲು ಕೆರೆದುಕೊಂಡು ಜಗಳವಾಡಿದೆ. ಕೆಂಪು ಡಬ್ಬಿಯಲ್ಲಿ ಏನೋ ಕಲಬೆರಕೆ ಮಾಡಿದ್ದಾನೆ, ಮಣ್ಣಿನ ಹಾಗಿದೆ. ಅವನು ಹೊಸ ಡಬ್ಬಿ ತೆರೆದು ತೋರಿಸಿದ. ಅದೂ ಮಣ್ಣೇ. ಎಷ್ಟು ಡಬ್ಬಿಗೆ ಮೋಸ ಮಾಡಿಟ್ಟಿದ್ದಾನೋ!

ಏಪ್ರಿಲ್ ೯

ಇವತ್ತು ಮಾನ ಹೋಯಿತು.

ನಮ್ಮ ಗಿರಾಕಿ, ಶಾಲೆಯ ಟೀಚರಮ್ಮನ ಕಾರು ಕಡು ಕೆಂಪು. ಎಡಗಡೆಯ ಬಾಗಿಲಿಗೆ ನಿನ್ನೆ ಬಣ್ಣ ಹೊಡೆದೆ. ಬಂಪರ್ ತರಲು ಊರಾಚೆ ಹೋಗಿದ್ದ ಸುತ್ತಿಗೆ ಅದನ್ನು ನೋಡಿರಲಿಲ್ಲ. ಬೆಳಗ್ಗೆ ಆಕೆ ಬಂದರು, ಕಾರಿನ ಸುತ್ತ ಒಂದು ಸುತ್ತು ಬಂದರು, ಬಾಗಿಲ ಮುಂದೆ ನಿಂತರು. "ಇದು ಬೇರೆ ಕಾರಿನ ಬಾಗಿಲಾ?" ಎಂದು ಕೇಳಿದರು. ಕುಹಕವಲ್ಲ, ನಿಜವಾಗಿಯೂ ಕೇಳಿದ್ದು.

ನಾನು ಕಾರು ಹೀಗೆ ಮಾಸಿದೆ, ಬಿಸಿಲು ಹಾಗೆ ಬೀಳುತ್ತಿದೆ ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಸುತ್ತಿಗೆಯ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಆಕೆ ಹೋದ ಮೇಲೆ ಮೆಲ್ಲಗೆ, ಅಣ್ಣ, ಇಟ್ಟಿಗೆ ಥರ ಇದೆ ಎಂದ.

ನನಗೆ ಎರಡೂ ಬಾಗಿಲು ಒಂದೇ ಥರ ಕಾಣುತ್ತಿದ್ದವು. ಈಗಲೂ ಹಾಗೇ.

ಏಪ್ರಿಲ್ ೧೦

ಚೌಕದಲ್ಲಿ ಸಿಗ್ನಲ್ ಮುಂದೆ ನಿಂತಿದ್ದೆ. ಮೇಲಿನ ದೀಪ, ಕೆಳಗಿನ ದೀಪ ಎಂದು ಗೊತ್ತಾಗುತ್ತದೆ. ಕೆಂಪು, ಹಸಿರು ಎಂದು ಗೊತ್ತಾಗುವುದಿಲ್ಲ.

ಯಾರಿಗೂ ಹೇಳಿಲ್ಲ. ಭಯವಾಗುತ್ತಿದೆ.

ಏಪ್ರಿಲ್ ೧೧

ಯೋಚಿಸಿದೆ. ಟ್ಯೂಬ್‌ಲೈಟಿನ ತಪ್ಪಲ್ಲ, ಡಬ್ಬಿಯದಲ್ಲ. ಹೊಸದಾಗಿ ನನ್ನೊಳಗೆ ಹೋಗುತ್ತಿರುವುದು ಈ ಮಾತ್ರೆ ಒಂದೇ. ಮೂತ್ರಕ್ಕೆ ಬಣ್ಣ ಹಾಕುವ ಮಾತ್ರೆ ಕಣ್ಣಿಗೂ ಹಾಕಿರಬಾರದೇಕೆ?

ಆಸ್ಪತ್ರೆಗೆ ಹೋದರೆ ಹೆಂಡತಿಗೆ ಗೊತ್ತಾಗುತ್ತದೆ, ಸುತ್ತಿಗೆಗೆ ಗೊತ್ತಾಗುತ್ತದೆ, ಅವನಿಂದ ಊರಿಗೆಲ್ಲ ಗೊತ್ತಾಗುತ್ತದೆ. ಕಣ್ಣಿಲ್ಲದ ಬಣ್ಣದವನ ಹತ್ತಿರ ಯಾವ ನಾಯಿ ಬರುತ್ತದೆ? ಪೂರ್ತಿ ನಿಲ್ಲಿಸಿದರೆ ಕೆಮ್ಮು ವಾಪಸು ಬರಬಹುದು. ಹಾಗಾದರೆ ಬಣ್ಣ ಗಾಢವಾದಾಗ ನಾವು ಏನು ಮಾಡುತ್ತೇವೆ? ತೆಳು ಮಾಡುತ್ತೇವೆ. ಎಷ್ಟೋ ಕಾರುಗಳನ್ನು ಹೀಗೆ ಉಳಿಸಿದ್ದೇನೆ. ನಾಲ್ಕರ ಬದಲು ಎರಡು ನುಂಗಿದರೆ ಕಾಯಿಲೆಗೂ ಔಷಧ ಸಿಕ್ಕಿತು, ಕಣ್ಣಿಗೂ ಬಿಡುವು ಸಿಕ್ಕಿತು. ಇಷ್ಟು ಸರಳ ಲೆಕ್ಕ ಡಾಕ್ಟರಿಗೆ ಹೊಳೆಯದಿರುವುದು ಆಶ್ಚರ್ಯ.

ಅತ್ತೆಯ ಕಣ್ಣು ತಪ್ಪಿಸುವುದೇ ಕಷ್ಟದ ಕೆಲಸ. ಎರಡನ್ನು ಬಾಯಿಗೆ ಹಾಕಿಕೊಂಡು, ಎರಡನ್ನು ಹೆಬ್ಬೆರಳಿನ ಬುಡದಲ್ಲಿ ಅವಿತಿಟ್ಟುಕೊಂಡು, ಕೆಮ್ಮು ಬಂದ ಹಾಗೆ ಎದೆ ಹಿಡಿದುಕೊಂಡು ಜೇಬಿಗೆ ಇಳಿಸಿದೆ. ಬಾಯಿ ತೆಗೆದು ತೋರಿಸಿದೆ. ನಾಲಿಗೆಯನ್ನು ನಾನೇ ಎತ್ತಿದೆ. ಜಾದೂಗಾರನಾಗಬೇಕಿತ್ತು ನಾನು.

ಏಪ್ರಿಲ್ ೧೪

ಜಾದೂ ಮೂರೇ ದಿನ ನಡೆಯಿತು.

ಬೆಳಗ್ಗೆ ಕೆಲಸಕ್ಕೆ ಹೊರಡುತ್ತಿದ್ದಾಗ ಅತ್ತೆ ನನ್ನ ಹಸಿರು ಅಂಗಿ ಹಿಡಿದುಕೊಂಡು ಬಂದರು. ಗ್ಯಾರೇಜಿನಲ್ಲಿ ದಿನವೆಲ್ಲ ಬೆವರುವ ಅಂಗಿ ಅದು, ಒಗೆಯಲು ಹಾಕಿದ್ದೆ. "ಈ ಜೇಬು ನೋಡಿ" ಎಂದರು.

ನೋಡಿದೆ. ಜೇಬು ಜೇಬಿನ ಹಾಗೇ ಇತ್ತು. ಏನಾಗಿದೆ ಎಂದು ಕೇಳಿದೆ.

"ಏನೂ ಕಾಣ್ಸಲ್ವಾ?"

"ಹೊಲಿಗೆ ಬಿಟ್ಟಿದೆಯಾ?"

ಅತ್ತೆ ಜೇಬನ್ನು ಬೆಳಕಿಗೆ ಹಿಡಿದರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಅವರ ದನಿ ಸಣ್ಣದಾಗಿತ್ತು. "ಹಸಿರು ಅಂಗಿ ಮೇಲೆ ಅಂಗೈಯಗಲ ಕೆಂಪು ಕಲೆ ಇದೆ ಅಳಿಯಂದ್ರೆ. ಮಾತ್ರೆ ಬೆವರಿಗೆ ಕರಗಿದೆ. ನಿಮಗೆ ಯಾವಾಗಿಂದ ಕಾಣ್ತಿಲ್ಲ?"

ಸುಳ್ಳು ಹೇಳಲು ಬಾಯಿ ತೆರೆದೆ, ಎಲ್ಲ ನಿಜವೇ ಹೊರಬಿತ್ತು. ಟ್ಯೂಬ್‌ಲೈಟು, ಡಬ್ಬಿ, ಟೀಚರಮ್ಮನ ಬಾಗಿಲು, ಸಿಗ್ನಲ್ ದೀಪ, ತೆಳು ಮಾಡುವ ಲೆಕ್ಕ. ಕೊನೆಗೆ, ಈ ಕಣ್ಣು ಹೋದರೆ ನಾನು ಯಾರು ಹೇಳಿ ಎಂದು ಅವರ ಮೇಲೆಯೇ ರೇಗಿದೆ.

"ನನ್ನ ಮಗಳ ಗಂಡ" ಎಂದರು ಅತ್ತೆ. "ಬಣ್ಣ ಮಂಕಾದ್ರೆ, ಅಕ್ಷರ ಮಸುಕಾದ್ರೆ ಆವತ್ತೇ ಬಂದು ಹೇಳಿ, ನೀವಾಗೇ ನಿಲ್ಲಿಸ್ಬೇಡಿ, ಕಡಿಮೆ ಮಾಡ್ಬೇಡಿ ಅಂತ ಸಿಸ್ಟರ್ ಮೊದಲನೇ ದಿನವೇ ಹೇಳಿದ್ರು. ನೀವು ಗೋಡೆ ನೋಡ್ತಾ ಕೂತಿದ್ರಿ. ಈಗ ಚಪ್ಪಲಿ ಹಾಕ್ಕೊಳ್ಳಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ಪುಸ್ತಕ ತೆರೆದರು. ಪುಟದ ತುಂಬ ಬಣ್ಣದ ಚುಕ್ಕಿಗಳು, ನಡುವೆ ಒಂದು ಅಂಕಿ ಅಡಗಿರುತ್ತದಂತೆ. ನನಗೆ ಚುಕ್ಕಿ ಮಾತ್ರ ಕಂಡವು. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. ಅವರಿಗೆ ಅಂಕಿ ಕಾಣುತ್ತಿದೆ ಎಂದು ಅವರ ಉಸಿರಿನಿಂದಲೇ ಗೊತ್ತಾಗುತ್ತಿತ್ತು.

ಮಾತ್ರೆಯಲ್ಲಿ ಸೇರಿರುವ ಔಷಧಗಳಲ್ಲಿ ಒಂದು ಕೆಲವರ ಕಣ್ಣಿನ ನರಕ್ಕೆ ಹೀಗೆ ಮಾಡುತ್ತದಂತೆ. ಅದೊಂದನ್ನು ಇವತ್ತಿನಿಂದಲೇ ನಿಲ್ಲಿಸಿದರು. ಉಳಿದವನ್ನು ಬೇರೆ ಬೇರೆ ಮಾತ್ರೆಗಳಾಗಿ ಕೊಟ್ಟರು, ಅವು ಪೂರ್ತಿ ಪ್ರಮಾಣ. ಕಣ್ಣಿನ ವಿಷಯದಲ್ಲಿ ಅವರು ಕೋಪಿಸಿಕೊಳ್ಳಲಿಲ್ಲ. ತೆಳು ಮಾಡಿದ್ದು ಕೇಳಿದಾಗ ಮಾತ್ರ ಪೆನ್ನು ಕೆಳಗಿಟ್ಟರು.

"ಕ್ರಿಮಿ ಬಣ್ಣ ಅಲ್ಲ ಕಣ್ರೀ. ಅರ್ಧ ಔಷಧ ಕೊಟ್ರೆ ಅದು ಸಾಯಲ್ಲ, ಔಷಧಕ್ಕೆ ಜಗ್ಗದೆ ಇರೋದು ಹೇಗೆ ಅಂತ ಕಲ್ತುಕೊಳ್ಳುತ್ತೆ. ಆಮೇಲೆ ಈ ಮಾತ್ರೆ ಎಷ್ಟು ನುಂಗಿದ್ರೂ ಕೆಲಸ ಮಾಡಲ್ಲ. ಮೂರು ದಿನಕ್ಕೆ ಸಿಕ್ಕಿಬಿದ್ರಿ, ನಿಮ್ಮ ಅದೃಷ್ಟ."

ಕಣ್ಣು ವಾಪಸು ಬರುತ್ತದೆಯೇ ಎಂದು ಕೇಳಿದೆ. ಬೇಗ ಬಂದಿದ್ದೀರಿ, ಬಹಳ ಜನರಿಗೆ ನಿಧಾನವಾಗಿ ಸರಿಹೋಗುತ್ತದೆ, ಆದರೆ ಮಾತು ಕೊಡಲಾರೆ ಎಂದರು. ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದಾರೆ. ವಾಪಸು ಬರುವ ದಾರಿಯಲ್ಲಿ, ರಸ್ತೆ ದಾಟುವಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು.

ಏಪ್ರಿಲ್ ೧೬

ಹೆಂಡತಿಗೆ ಹೇಳಿದೆ. ಸುತ್ತಿಗೆಗೆ ಹೇಳಿದೆ. ಟೀಚರಮ್ಮನಿಗೆ ನಾನೇ ಫೋನು ಮಾಡಿ, ನನಗೆ ಕ್ಷಯ, ಔಷಧದಿಂದ ಕಣ್ಣು ಹೀಗಾಗಿದೆ, ಬಾಗಿಲು ಸರಿ ಮಾಡಿಕೊಡುತ್ತೇನೆ ಎಂದೆ. ಅವರ ಅಣ್ಣನಿಗೂ ಕ್ಷಯ ಬಂದು ವಾಸಿಯಾಯಿತಂತೆ. ಅರ್ಧ ಗಂಟೆ ಮಾತಾಡಿದರು. ಬಾಗಿಲಿನ ಮಾತು ಅದರಲ್ಲಿ ಅರ್ಧ ನಿಮಿಷವೂ ಇರಲಿಲ್ಲ.

ಗ್ಯಾರೇಜನ್ನು ಸ್ವಲ್ಪ ದಿನ ಮುಚ್ಚೋಣ ಎಂದು ಸುತ್ತಿಗೆಗೆ ಹೇಳಿ ಮನೆಗೆ ಬಂದು ಮುಖ ಊದಿಸಿಕೊಂಡು ಕುಳಿತಿದ್ದೆ. ಅತ್ತೆ ಒಳಗಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಬರೀ ನೂಲಿನ ಉಂಡೆಗಳು. ಮದುವೆಗೆ ಮುಂಚೆ ಒಂದು ಬಟ್ಟೆ ಅಂಗಡಿಯಲ್ಲಿ ಅವರು ರಫು ಹಾಕುತ್ತಿದ್ದರಂತೆ. ಕೋಟು ಸುಟ್ಟೋ ಹರಿದೋ ತೂತಾದರೆ, ಅದೇ ಬಣ್ಣದ ಎಳೆ ಹುಡುಕಿ, ಎಳೆಗೆ ಎಳೆ ಕೂಡಿಸಿ, ತೂತು ಎಲ್ಲಿತ್ತು ಎಂದು ತಿಳಿಯದ ಹಾಗೆ ಮಾಡುವ ಕೆಲಸ. ಮೂರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ನನಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ತಾನೇ.

"ಇದರಲ್ಲಿ ಕಪ್ಪು ಎಷ್ಟಿದೆ ಹೇಳಿ" ಎಂದರು. ಒಂದೇ ಕಪ್ಪು ಎಂದೆ. ಎಂಟು ಉಂಡೆ ಆರಿಸಿ ಬೇರೆ ಇಟ್ಟರು. ಆಮೇಲೆ, ನಾಳೆಯಿಂದ ನಾನೂ ಗ್ಯಾರೇಜಿಗೆ ಬರುತ್ತೇನೆ ಎಂದರು.

ಏಪ್ರಿಲ್ ೧೯

ಅಯ್ಯೋ, ಈ ಅತ್ತೆಯ ಜೊತೆ ಕೆಲಸ ಮಾಡುವುದೇ!

ಬಾಗಿಲ ಹೊರಗೆ ಗಾಳಿಗೆ ಕುರ್ಚಿ ಹಾಕಿಸಿಕೊಂಡು, ಮಾಸ್ಕ್ ಮೇಲೆ ಕನ್ನಡಕ ಏರಿಸಿಕೊಂಡು ಕುಳಿತಿರುತ್ತಾರೆ. ನಾನು ಬೆರೆಸಿ ತಗಡು ತಂದು ತೋರಿಸಬೇಕು. ಅವರು ನೋಡಿ ಹೇಳಬೇಕು. ನನ್ನ ಕೈ, ಅವರ ಕಣ್ಣು. ಆದರೆ ಅವರ ಭಾಷೆಯೇ ಬೇರೆ. ಹಸಿರು ಹೆಚ್ಚಾಯಿತು ಎನ್ನುವುದಿಲ್ಲ, "ಇದಕ್ಕೆ ಸುಸ್ತಾಗಿದೆ" ಎನ್ನುತ್ತಾರೆ. ಹಳದಿ ಬೇಕು ಎನ್ನುವುದಿಲ್ಲ, "ಸ್ವಲ್ಪ ನಗಿಸಿ" ಎನ್ನುತ್ತಾರೆ. ಬಣ್ಣವನ್ನು ನಗಿಸುವುದು ಹೇಗೆ ಸ್ವಾಮಿ? ಸುತ್ತಿಗೆ ಬಿದ್ದು ಬಿದ್ದು ನಕ್ಕ. ಟೀಚರಮ್ಮನ ಬಾಗಿಲಿಗೆ ಹತ್ತೊಂಬತ್ತು ತಗಡು ಹಾಳು ಮಾಡಿದೆವು. ಇಪ್ಪತ್ತನೆಯದನ್ನು ಅತ್ತೆ ಕಾರಿಗೆ ಆನಿಸಿ ನೋಡಿ, ಹಾಂ, ಈಗ ಇವೆರಡೂ ಒಂದೇ ತಾಯಿ ಮಕ್ಕಳು ಎಂದರು.

ಸಂಜೆ ಟೀಚರಮ್ಮ ಬಂದು ಸುಮ್ಮನೆ ಕೀಲಿ ತೆಗೆದುಕೊಂಡು ಹೋದರು. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೇ ೭

ಕಫದ ವರದಿ ಬಂತು. ಕ್ರಿಮಿ ಇಲ್ಲ. ಕಲಿಯುವಷ್ಟು ಸಮಯ ಅದಕ್ಕೆ ಸಿಗಲಿಲ್ಲ. ಸುದ್ದಿ ಕೇಳಿ ಅತ್ತೆ ಚಹಾಕ್ಕೆ ಎರಡನೆಯ ಸಲ ಸಕ್ಕರೆ ಹಾಕಿಬಿಟ್ಟರು, ನಾನು ಅದನ್ನೇ ಕುಡಿದೆ.

ಮೇ ೧೫

ಒಬ್ಬ ವ್ಯಾನಿನ ಡ್ರೈವರ್ ಬಂಪರ್ ಬಡಿಸಲು ಬಂದಿದ್ದ. ಕೆಮ್ಮುತ್ತಲೇ ಇದ್ದ. ಎಷ್ಟು ದಿನದಿಂದ ಎಂದು ಕೇಳಿದರೆ ಡೀಸೆಲ್ ಹೊಗೆ ಎಂದ. ಹೊಗೆಯ ಕಥೆ ನನಗೆ ಹೇಳಬೇಡ ಎಂದು ಅಲ್ಲೇ ಹಿಡಿದುಕೊಂಡು, ನನ್ನ ಪುರಾಣವೆಲ್ಲ ಹೇಳಿ, ಆಸ್ಪತ್ರೆಯ ದಾರಿ ಹೇಳಿಕೊಟ್ಟೆ. ಮಾತ್ರೆ ಕೊಟ್ಟರೆ ಕೊಡುವವರು ಹೇಳುವುದನ್ನು ಪೂರ್ತಿ ಕೇಳಿಸಿಕೋ, ಗೋಡೆ ನೋಡಬೇಡ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅತ್ತೆಗೆ ಅರ್ಥವಾಯಿತು, ಮಾಸ್ಕಿನೊಳಗೆ ನಕ್ಕರು.

ಮೇ ೨೯

ಇವತ್ತು ಡಬ್ಬಿಯಲ್ಲಿ ಕೆಂಪು ಕಂಡಿತು. ಪೂರ್ತಿಯಲ್ಲ, ಪರದೆಯ ಹಿಂದೆ ನಿಂತ ಹಾಗೆ. ಆದರೂ ಕೆಂಪೇ. ಹೋ ಎಂದು ಕೂಗಿದೆ. ಸುತ್ತಿಗೆ ಬೆರಳಿಗೆ ಬಡಿದುಕೊಂಡ.

ಜೂನ್ ೨೧

ದಿನದಿನಕ್ಕೂ ಸರಿಹೋಗುತ್ತಿದೆ. ಆದರೆ ಡಾಕ್ಟರಮ್ಮ ಕೊನೆಯ ಪರೀಕ್ಷೆ ಆಗುವವರೆಗೆ ನಿಮ್ಮ ಕಣ್ಣನ್ನೇ ನಂಬಬೇಡಿ ಎಂದಿದ್ದಾರೆ. ಅದನ್ನು ಅತ್ತೆ ಕೇಳಿಸಿಕೊಂಡಿದ್ದಾರೆ. ಈಗ ನಾನು ಏನು ಹೇಳಿದರೂ, ನಿಮ್ಮ ಕಣ್ಣು ನಂಬೋ ಹಾಗಿಲ್ಲವಲ್ಲ ಎನ್ನುತ್ತಾರೆ. ನಿನ್ನೆ ಬೂದು ಬಣ್ಣದ ಬಗ್ಗೆ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು. ಮೊದಲನೆಯ ಜಗಳ. ಬಹಳ ಚೆನ್ನಾಗಿತ್ತು. ಕೊನೆಗೆ ನೋಡಿದರೆ ಅವರದೇ ಸರಿ.

ಜುಲೈ ೧೦

ಮೊನ್ನೆ ನಾನು ಎಕ್ಸ್‌ರೇ ತೆಗೆಸಲು ಹೋಗಿದ್ದಾಗ ಒಂದು ಕಾರು ಬಂದಿತ್ತಂತೆ. ಎಲೆ ಹಸಿರು, ಅದರಲ್ಲಿ ಮಿನುಗು ಬೇರೆ. ನನ್ನ ಕಸುಬಿನಲ್ಲಿ ಇದಕ್ಕಿಂತ ತಲೆನೋವಿನ ಬಣ್ಣವಿಲ್ಲ. ಗಿರಾಕಿಗೆ ಅವಸರವೆಂದು ಸುತ್ತಿಗೆ ತಗ್ಗು ತೆಗೆದ, ಅತ್ತೆ ಹೇಳಿದ ಹಾಗೆ ಅವನೇ ಬೆರೆಸಿ ಹೊಡೆದ. ನಾನಿಲ್ಲದೆ! ಇವತ್ತು ಪಾಲಿಶ್ ಆಗಿ ನಿಂತಿತ್ತು.

ಎಲ್ಲಿ ಹೊಡೆದಿರಿ ಎಂದು ಹೇಳಬೇಡಿ, ನಾನೇ ಕಂಡುಹಿಡಿಯುತ್ತೇನೆ ಎಂದೆ. ಈಗ ನನಗೆ ಸಿಗ್ನಲ್ ಕಾಣುತ್ತದೆ, ಕಲೆ ಕಾಣುತ್ತದೆ, ಎಲ್ಲ ಕಾಣುತ್ತದೆ. ಒಂದು ಸುತ್ತು ಬಂದೆ. ಬಗ್ಗಿ ನೋಡಿದೆ. ಬೆಳಕಿಗೆ ಓರೆಯಾಗಿ ನಿಂತು ನೋಡಿದೆ. ಮಂಡಿಯೂರಿದೆ. ಸಿಗಲಿಲ್ಲ. ಮುಂದಿನಿಂದ ಹಿಂದಿನವರೆಗೆ ಒಂದೇ ಹಸಿರು.

ಸುತ್ತಿಗೆ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಟೀಚರಮ್ಮನ ಬಾಗಿಲೂ ನನಗೆ ಹೀಗೇ ಕಂಡಿತ್ತಲ್ಲ, ಎಲ್ಲ ಒಂದೇ ಥರ. ಹಸಿರು ವಾಪಸು ಬಂದಿದೆ ಎಂದುಕೊಂಡಿದ್ದೆ, ಬಂದಿಲ್ಲ. ಬರುವುದೂ ಇಲ್ಲವೇನೋ.

ಅಲ್ಲೇ ಅತ್ತೆಗೆ ಹೇಳಿದೆ, ಏನೂ ಕಾಣಲಿಲ್ಲ ಎಂದೆ. ಮನೆಗೆ ಬಂದು ಹೆಂಡತಿಗೂ ಹೇಳಿದೆ. ಅವಳು ಪಕ್ಕದಲ್ಲೇ ಕುಳಿತಳು. ಯಾವ ಭಾಗ ಎಂದಾದರೂ ಹೇಳಿ ಎಂದು ಅತ್ತೆಯನ್ನು ಬೇಡಿಕೊಂಡೆ. ಹೇಳಲಿಲ್ಲ. "ಈಗ ಹೇಳಿದ್ರೆ ನೀವು ಕಂಡಿತು ಅಂದ್ಬಿಡ್ತೀರಿ. ನಾಡಿದ್ದು ಪರೀಕ್ಷೆ ಇದೆಯಲ್ಲ, ಅಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ" ಎಂದರು.

ಜುಲೈ ೧೨

ಬೆಳಗ್ಗೆ ಕೊನೆಯ ಮಾತ್ರೆ ನುಂಗಿದೆ. ಅತ್ತೆ ಕೇಳದೆಯೇ ಬಾಯಿ ತೆಗೆದೆ.

ಆಸ್ಪತ್ರೆಯಲ್ಲಿ ಮೊದಲು ಎದೆಯ ವಿಷಯ ಮುಗಿಯಿತು. ಎಕ್ಸ್‌ರೇ ಸರಿ, ಕಫ ಸರಿ. ವಾಸಿಯಾಗಿದೆ, ಮಾತ್ರೆ ಮುಗಿಯಿತು ಎಂದರು ಡಾಕ್ಟರಮ್ಮ. ಹೆಂಡತಿ ರಜೆ ಹಾಕಿ ಬಂದಿದ್ದಳು, ನನ್ನ ಕೈಯನ್ನು ಮೇಜಿನ ಕೆಳಗೆ ಹಿಂಡಿದಳು. ನಾನು ಮೊನ್ನೆಯ ಹಸಿರು ಕಾರಿನ ಕಥೆ ಹೇಳಿದೆ. ಅವರು ಚುಕ್ಕಿಗಳ ಪುಸ್ತಕ ತೆಗೆದರು.

ಮೊದಲ ಪುಟ ತೆರೆಯುವಾಗ ಕಣ್ಣು ಮುಚ್ಚಿಕೊಂಡಿದ್ದೆ. ತೆರೆದೆ. ಅಂಕಿ ಎದ್ದು ಕುಳಿತಿತ್ತು. ಎರಡನೆಯದೂ ಕಂಡಿತು, ಮೂರನೆಯದೂ ಕಂಡಿತು. ಅವರು ಹಿಂದೆಮುಂದೆ ಮಾಡಿ ತೋರಿಸಿದರು, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರು, ಅದಾದ ಮೇಲೆ ಬೇರೊಂದು ಪುಸ್ತಕ ತೆಗೆದರು. ಒಂದೂ ತಪ್ಪಲಿಲ್ಲ. ನಿಮ್ಮ ಕಣ್ಣಿಗೆ ಈಗ ಯಾವ ತೊಂದರೆಯೂ ಇಲ್ಲ, ಎಲ್ಲ ವಾಪಸು ಬಂದಿದೆ ಎಂದರು.

ನನಗೆ ಆದ ಸಂತೋಷ ಬರೆಯಲು ಬರುವುದಿಲ್ಲ. ಹೊರಗೆ ಬಂದು ಎದುರಿಗೆ ಕಂಡದ್ದನ್ನೆಲ್ಲ ಹೆಂಡತಿಗೆ ತೋರಿಸಿದೆ. ಕೆಂಪು ಬಕೆಟ್ಟು, ಹಸಿರು ಗೇಟು, ಅವಳ ಕೈಚೀಲದ ಅಂಚು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ತಲೆಗೆ ಹೊಳೆಯಿತು. ಕಣ್ಣು ಸರಿಯಾಗಿದೆ. ಹಾಗಾದರೆ ಮೊನ್ನೆ ಆ ಕಾರಿನಲ್ಲಿ ಏಕೆ ಏನೂ ಕಾಣಲಿಲ್ಲ?

ನೇರ ಗ್ಯಾರೇಜಿಗೆ ಹೋದೆ. ಅತ್ತೆ ಬಾಗಿಲ ಹೊರಗೆ ತಮ್ಮ ಕುರ್ಚಿಯಲ್ಲಿದ್ದರು. ಕಾರು ಇನ್ನೂ ಅಲ್ಲೇ ಇತ್ತು. ಪುಣ್ಯಕ್ಕೆ ಗಿರಾಕಿ ಬಂದಿರಲಿಲ್ಲ. ಈ ಸಲ ಬೆವರು ಬರುವವರೆಗೆ ಹುಡುಕಿದೆ. ಸಾಕಾಗಿ ಅದಕ್ಕೇ ಒರಗಿ ನಿಂತೆ.

"ಹೇಳಿ ಅತ್ತೆ. ಯಾವ ಭಾಗ?"

"ಕಣ್ಣು ಪೂರ್ತಿ ಸರಿಯಾಯ್ತಂತಾ?"

"ಪೂರ್ತಿ."

"ನೀವು ಒರಗಿದ್ದೀರಲ್ಲ, ಆ ಬಾಗಿಲು. ಅದರ ಪಕ್ಕದ್ದೂ."

ದಿಗ್ಗನೆ ಸರಿದು ನಿಂತು ನೋಡಿದೆ. ಈಗ ಗೊತ್ತಿದ್ದೂ ಕಾಣಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಏಕೆ ಹೇಳಲಿ. ಅದರ ಹಿಂದೆಯೇ ಅಳು ಬಂತು, ಅದರ ಹಿಂದೆ ನಗು. ಇಂಥ ಕಣ್ಣು ನನಗೂ ಇಲ್ಲ. ಇದನ್ನು ಅವರಿಗೆ ಹೇಳಿದೆ, ಸುತ್ತಿಗೆಯ ಮುಂದೆಯೇ ಹೇಳಿದೆ.

ಅತ್ತೆ ಕನ್ನಡಕ ತೆಗೆದು ಒರೆಸಿ ಚೀಲದಲ್ಲಿಟ್ಟುಕೊಂಡರು. ಮಾಸ್ಕ್ ಮಡಚಿದರು. ಇನ್ನೇನು ನಿಮ್ಮ ಕಣ್ಣು ನಿಮಗೆ ಬಂತಲ್ಲ ಎನ್ನುತ್ತ ಕುರ್ಚಿಯನ್ನು ಒಳಗಿಡಲು ಎತ್ತಿದರು. ಅವರು ಹೋಗುತ್ತಿದ್ದಾರೆ ಎಂದು ನನಗೆ ಆಗ ಅರ್ಥವಾಯಿತು.

"ಅತ್ತೆ, ಕುರ್ಚಿ ಅಲ್ಲೇ ಇರ್ಲಿ" ಎಂದೆ. "ನಾಳೆ ಒಂದು ಬೂದು ಬಣ್ಣದ ವ್ಯಾನ್ ಬರುತ್ತೆ. ಬೂದು ನನಗೆ ಅಷ್ಟು ಸರಿಯಾಗಿ ಬರಲ್ಲ."

"ಗೊತ್ತು" ಎಂದು ಅತ್ತೆ ಕುರ್ಚಿ ಕೆಳಗಿಟ್ಟು ಕುಳಿತರು.